ತೆಗೆದ ಚಿತ್ರಗಳು

ಮೂರನೆಯ ಫೋಟೋಗೆ ಕ್ಲಿಪ್ಪು ಸಿಕ್ಕಿಸುವಷ್ಟರಲ್ಲಿ ಅಣ್ಣ ಬಂದು ಅವಳ ಮುಂಗೈ ಹಿಡಿದುಕೊಂಡ.

"ಏನೇ ಇದು? ಸಾವಿನ ಮನೆಯೋ, ಪ್ರದರ್ಶನವೋ?"

"ಸ್ಟುಡಿಯೋ," ಎಂದಳು ಅವಳು. "ಕೈ ಬಿಡು."

ಜನ ನೋಡುತ್ತಿದ್ದುದರಿಂದ ಅವನು ಬಿಟ್ಟ. ಅವಳು ಅಪ್ಪ ಕೊಟ್ಟಿದ್ದ ಲಕೋಟೆಯಿಂದ ನಾಲ್ಕನೆಯದನ್ನು ತೆಗೆದುಕೊಂಡಳು. ತೊಳೆದ ಚಿತ್ರಗಳನ್ನು ಒಣಹಾಕಲೆಂದು ಅಪ್ಪ ಗೋಡೆಯಿಂದ ಗೋಡೆಗೆ ಕಟ್ಟಿದ್ದ ದಾರ ಅದು. ಅದರ ಕೆಳಗೆ ಅಪ್ಪ ಮಲಗಿದ್ದರು. ಮಹಡಿಯ ಮೇಲಿನ ಮನೆಯ ಮೆಟ್ಟಿಲು ಕಿರಿದು, ಚಟ್ಟ ತಿರುಗುವುದಿಲ್ಲವೆಂದು ಅವರನ್ನು ಕೆಳಗಿನ ಸ್ಟುಡಿಯೋಗೇ ಇಳಿಸಿದ್ದರು. ತಲೆಯ ಹಿಂದೆ ಕಂಬಗಳನ್ನೂ ಕೊಳವನ್ನೂ ಬರೆದ ಹಳೆಯ ಪರದೆ ಇತ್ತು. ಅದರ ಮುಂದೆ ಊರಿನ ಅರ್ಧ ಜನ ಒಂದಲ್ಲ ಒಂದು ದಿನ ಉಸಿರು ಬಿಗಿಹಿಡಿದು ನಿಂತವರೇ. ಉಸಿರಿನ ಗೊಡವೆಯೇ ಇಲ್ಲದೆ ಅಲ್ಲಿ ಅಲುಗಾಡದಿದ್ದವರು ಇವರೊಬ್ಬರೇ.

ಬಾಗಿಲಲ್ಲೇ ಅಣ್ಣ ಅವಳಿಗೆ ಹೇಳಿದ್ದ: "ಬಂದಿದ್ದೀಯ, ನೋಡಿ ಹೋಗು. ನೆರೆಹೊರೆಯವರ ಜೊತೆ ನಿಂತ್ಕೋ. ಮನೆಯವರ ಸಾಲಿಗೆ ಬರಬೇಡ."

ಅವಳು ನೋಡಿ ಹೋಗಲು ಬಂದಿರಲಿಲ್ಲ. ಮಗಳೆನಿಸಿಕೊಂಡು ಅಪ್ಪನಿಗೆ ಹೆಗಲು ಕೊಡಲು ಬಂದಿದ್ದಳು.

*

ಅವಳು ಮದುವೆಯಾದದ್ದು ಸ್ಟುಡಿಯೋಗೆ ಫ್ರೇಮು ಕಟ್ಟಿಕೊಡುತ್ತಿದ್ದವನನ್ನು. "ಫ್ರೇಮು ಹಾಕೋಕೆ ಬಂದವನು ಚಿತ್ರವನ್ನೇ ಹೊತ್ಕೊಂಡು ಹೋದ" ಎಂದು ಬೀದಿ ನಕ್ಕಿತು. ಅಣ್ಣನಿಗೆ ಮಾತ್ರ ಅದು ನಗುವ ವಿಷಯವಾಗಿರಲಿಲ್ಲ. ಗೋಡೆಯ ಮೇಲೆ ಅಪ್ಪ, ಅಮ್ಮ, ಮಕ್ಕಳಿಬ್ಬರು, ನಾಲ್ವರೂ ಇದ್ದ ದೊಡ್ಡ ಫೋಟೋ ಇತ್ತು. ಅದರಲ್ಲಿದ್ದ ತಂಗಿಯ ಮುಖಕ್ಕೆ ಬೆರಳು ಚುಚ್ಚಿ ಅಪ್ಪನಿಗೆ ಹೇಳಿದ:

"ಇವಳನ್ನ ತೆಗೀರಿ."

ಅಪ್ಪನಿಗೆ ಅದು ಕಷ್ಟದ ಕೆಲಸವಲ್ಲ. ಚೂಪು ಪೆನ್ಸಿಲಿನಿಂದ ನೆಗೆಟಿವ್ ತೀಡಿ ಎಷ್ಟೋ ವಧುಗಳ ಮೊಡವೆ ಅಳಿಸಿದವರು, ಎಷ್ಟೋ ವರಗಳ ಮೆಳ್ಳೆಗಣ್ಣು ನೆಟ್ಟಗೆ ಮಾಡಿದವರು. ಆದರೆ 'ತೆಗೆ' ಎಂಬ ಕ್ರಿಯಾಪದಕ್ಕೆ ಒಂದಕ್ಕಿಂತ ಹೆಚ್ಚು ಅರ್ಥಗಳಿವೆ. ಅಪ್ಪ ಜೀವನವಿಡೀ ಹೊಟ್ಟೆ ಹೊರೆದದ್ದು ಇನ್ನೊಂದರಿಂದ.

"ಆಗಲಪ್ಪ, ತೆಗೀತೀನಿ" ಎಂದರು.

ಮರುದಿನವೇ ಕ್ಯಾಮೆರಾ, ಮುಕ್ಕಾಲಿ ಹೊತ್ತು ಮಗಳ ಬಾಗಿಲು ತಟ್ಟಿದರು.

"ನಿಮ್ಮಣ್ಣನ ಅಪ್ಪಣೆಯಾಗಿದೆ. ನಿನ್ನ ತೆಗೀಬೇಕಂತೆ. ಬೇಗ ನಿಂತ್ಕೋ, ಬೆಳಕು ಹೋಗುತ್ತೆ."

ಅವಳಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ ಬಂದದ್ದು ನಗುವೋ ಅಳುವೋ ಹೇಳುವುದು ಕಷ್ಟ. ಆ ಚಿತ್ರದಲ್ಲಿಯೂ ಅದು ತಿಳಿಯುವುದಿಲ್ಲ. ಗಂಡ ಸಂಕೋಚದಿಂದ ಗೋಡೆಗೆ ಅಂಟಿಕೊಂಡಿದ್ದ.

"ಏನು ಅಳಿಯಂದಿರೇ, ಫ್ರೇಮಿನಿಂದ ಆಚೆ ನಿಂತಿದೀರಿ? ಫ್ರೇಮು ನಿಮ್ಮ ಕಸುಬಲ್ವಾ? ಒಳಗೆ ಬನ್ನಿ!"

ಅಂದಿನಿಂದ ಪ್ರತಿ ವರ್ಷವೂ ಬಂದರು. ಇಬ್ಬರಿದ್ದ ಚಿತ್ರದಲ್ಲಿ ಮೂವರಾದರು. ಇತ್ತ ಮನೆಯಲ್ಲಿ ಅಣ್ಣ "ತೆಗೆದ್ರಾ?" ಎಂದು ಕೇಳಿದಾಗಲೆಲ್ಲ ಅಪ್ಪ ತಲೆಯೆತ್ತದೆ "ತೆಗೆದೆ ಕಣೋ" ಎನ್ನುತ್ತಿದ್ದರು. ಗೋಡೆಯ ಮೇಲೆ ಅವಳು ಇದ್ದ ಹಾಗೆಯೇ ಇದ್ದಳು. ಕೊನೆಗೆ ಅಣ್ಣನೇ ಬೇಸತ್ತು ಆ ಫ್ರೇಮನ್ನು ಇಳಿಸಿ ಅಟ್ಟಕ್ಕೆ ಹಾಕಿದ.

*

ದಾರ ತುಂಬಿತು. ಫ್ಯಾನಿನ ಗಾಳಿಗೆ ಚಿತ್ರಗಳು ಅಪ್ಪನ ಮೇಲೆ ಮೆಲ್ಲಗೆ ತೂಗಾಡಿದವು. ಅಳಲು ಬಂದವರು ಅಳುವುದನ್ನು ನಿಲ್ಲಿಸಿ ಕತ್ತು ಮೇಲೆತ್ತಿದರು.

"ಅಯ್ಯೋ, ಇಷ್ಟೊಂದು ಯಾವಾಗ ತೆಗೆದ್ನೋ ನಮ್ಮಣ್ಣ!" ಎಂದರು ಸೋದರತ್ತೆ, ಕನ್ನಡಕ ಒರೆಸಿಕೊಳ್ಳುತ್ತ. "ನಮ್ಮ ಯಜಮಾನ್ರ ಷಷ್ಟಿಪೂರ್ತಿಗೆ ಕರೆದ್ರೆ ಮಂಡಿ ನೋವು ಅಂದಿದ್ದ, ಕಳ್ಳ."

ಅಣ್ಣನ ಮುಖ ಕೆಂಪಾಯಿತು. ಅವನು ದಾರದ ಒಂದು ತುದಿಯಿಂದ ಶುರುಮಾಡಿ ಚಿತ್ರಗಳನ್ನು ಒಂದೊಂದಾಗಿ ಕಿತ್ತು ಬೆಂಚಿನ ಮೇಲೆ ಬೋರಲು ಹಾಕುತ್ತ ಬಂದ. ಅವಳು ತಡೆಯಲಿಲ್ಲ. ಅವನು ಕಿತ್ತದ್ದನ್ನು ಹಿಂದಿನಿಂದಲೇ ಎತ್ತಿಕೊಂಡು ಮತ್ತೆ ಸಿಕ್ಕಿಸುತ್ತ ಹೋದಳು.

ನಡುವೆ ಒಂದು ಚಿತ್ರದ ಮುಂದೆ ಅವನ ಕೈ ನಿಂತಿತು. ಗುಂಗುರು ಕೂದಲಿನ ಮಗುವೊಂದು ಕ್ಯಾಮೆರಾವನ್ನು ಗುರಾಯಿಸುತ್ತಿತ್ತು.

"ಇದೊಂದು ಇರ್ಲಿ," ಎಂದ. ದನಿ ಥಟ್ಟನೆ ಇಳಿದಿತ್ತು. "ಇದು ನಾನು. ಅಪ್ಪ ಇದನ್ನ ಇಟ್ಕೊಂಡಿದ್ರು ಅಂತ ನಂಗೆ ಗೊತ್ತೇ ಇರ್ಲಿಲ್ಲ."

"ಹೌದು ಕಣೋ, ನೀನೇ," ಎಂದರು ಸೋದರತ್ತೆ. "ಅದೇ ಮೊಂಡು ಮೂಗು. ಅದೇ ಸಿಡುಕು."

ಬಣ್ಣದ ಚಿತ್ರವಾಗಿದ್ದರೆ ಅದರ ಕಾಲ ತಿಳಿಯುತ್ತಿತ್ತು. ಕಪ್ಪು ಬಿಳುಪು ಕಾಲವನ್ನು ಹೇಳುವುದಿಲ್ಲ. ಅದೇ ಮಸೂರ, ಅದೇ ಕಿಟಕಿ ಬೆಳಕು, ಅದೇ ಕಣ್ಣು. ಹಿಂದಿನ ಮಗುವೂ ಇತ್ತೀಚಿನ ಮಗುವೂ ಒಂದೇ ಬೂದುಬಣ್ಣದಲ್ಲಿ ಮೂಡುತ್ತವೆ. ಉಳಿಯುವುದು ಮೂಗು, ಹುಬ್ಬು, ಕಿವಿಯ ತಿರುವು ಮಾತ್ರ, ಮನೆತನವೆಂದರೆ ಅಷ್ಟೇ.

"ಅದು ನೀನಲ್ಲ ಅಣ್ಣ," ಎಂದಳು ಅವಳು. "ನನ್ನ ಮಗಳು."

"ಸುಳ್ಳು ಹೇಳಬೇಡ. ನನ್ನ ಮುಖ ನಂಗೆ ಗೊತ್ತಿಲ್ವಾ?"

"ಆ ಅಂಗಿ ಹಳದಿ."

ಹೇಳಿದ್ದು ಅಮ್ಮ. ಬೆಳಗಿನಿಂದ ಅಪ್ಪನ ಪಾದದ ಬಳಿ ಕುಳಿತಿದ್ದವರು ಮಂಡಿಗೆ ಕೈಯೂರಿ ಎದ್ದರು. ಚಿತ್ರದ ಬಳಿ ಬಂದು ಮಗುವಿನ ಕತ್ತುಪಟ್ಟಿಯ ಮೇಲೆ ಬೆರಳಿಟ್ಟರು.

"ಹಳದಿ. ಅಂಚಿಗೆ ಹಸಿರು ದಾರ. ನಾನೇ ಹೊಲಿದು ಇವರ ಕ್ಯಾಮೆರಾ ಚೀಲದ ತಳದಲ್ಲಿಟ್ಟು ಕಳಿಸಿದ್ದೆ. ವರ್ಷ ವರ್ಷಾನೂ ಕಳಿಸಿದೀನಿ. ನೀನು ಮೂಸಿ ನೋಡ್ತೀಯ ಅಂತ ಮೇಲೆ ಲೆನ್ಸು ಒರೆಸೋ ಬಟ್ಟೆ ಮುಚ್ತಿದ್ದೆ."

"ಅಮ್ಮಾ, ನೀನೂನಾ?"

"ನಾನೂ. ನಿಂಗೆ ಹೆದರ್ಕೊಂಡು ಇಷ್ಟು ದಿನ ನನ್ನ ಬಾಯಿ ಮುಚ್ಚಿತ್ತು, ಇವರದು ಈಗ ಮುಚ್ಚಿದೆ. ಇನ್ನು ಯಾಕೆ ಹೆದರಲಿ?"

ಸೋದರತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಅಳುವಿಗೋ ನಗುವಿಗೋ, ಅದು ಅವರಿಗೇ ಗೊತ್ತು. ಅಣ್ಣ ಸುತ್ತ ನೋಡಿದ. ಬಾಗಿಲ ಬಳಿ ನಿಂತಿದ್ದ ಲೈಟು ಮಾಮನ ಮೇಲೆ ಕಣ್ಣು ಬಿತ್ತು. ಸ್ಟುಡಿಯೋ ತೆರೆದ ದಿನದಿಂದ ಅಪ್ಪನ ಪಕ್ಕದಲ್ಲಿ ದೀಪ ಹಿಡಿದು ನಿಂತು ನಿಂತು ಬೆನ್ನು ಬಾಗಿಸಿಕೊಂಡಿದ್ದ ಮನುಷ್ಯ.

"ಏನ್ ನೋಡ್ತಿದೀಯ? ತೆಗಿ ಇವರನ್ನೆಲ್ಲ!" ಎಂದು ಅರಚಿದ ಅಣ್ಣ, ದಾರದ ಕಡೆಗೆ ಕೈ ಬೀಸಿ.

ಲೈಟು ಮಾಮ ಅಮ್ಮನ ಮುಖ ನೋಡಿದ.

"ಕೇಳಿಸ್ಲಿಲ್ವೇನಪ್ಪಾ?" ಎಂದರು ಅಮ್ಮ. "ಇಷ್ಟು ವರ್ಷ ಅವರ ಜೊತೆ ಇದ್ದು ಆ ಮಾತಿನ ಅರ್ಥ ಗೊತ್ತಾಗಲ್ವಾ? ತೆಗಿ."

ಲೈಟು ಮಾಮನ ಬಾಗಿದ ಬೆನ್ನು ಒಂದಿಷ್ಟು ನೆಟ್ಟಗಾಯಿತು. ಮುಕ್ಕಾಲಿಯ ಮೇಲಿದ್ದ ಕ್ಯಾಮೆರಾದ ಮುಸುಕು ಸರಿಸಿದ. "ಎಲ್ರೂ ಒಂಚೂರು ಹತ್ರ ಬನ್ನಿ," ಎಂದ, ಅಪ್ಪನದೇ ಧಾಟಿಯಲ್ಲಿ. ಅಮ್ಮ ಮಗಳ ರಟ್ಟೆ ಹಿಡಿದು ಅಪ್ಪನ ತಲೆಯ ಬಳಿ ನಿಲ್ಲಿಸಿದರು. ಬೀದಿಯಲ್ಲಿ ನಿಂತಿದ್ದ ಅಳಿಯನನ್ನೂ ಮೊಮ್ಮಗಳನ್ನೂ ಹೆಸರು ಹಿಡಿದು ಕರೆದರು. ಆ ಹೆಸರುಗಳು ಆ ಮನೆಯಲ್ಲಿ ಗಟ್ಟಿಯಾಗಿ ಕೇಳಿಸಿದ್ದು ಅದೇ ಮೊದಲು. ಅಣ್ಣ "ಇದೇನು ಹುಚ್ಚಾಟ" ಎಂದು ಬಾಯಿ ತೆರೆದ. ತೆರೆದ ಬಾಯಿಯ ಸಮೇತ ಅವನೂ ಚಿತ್ರಕ್ಕೆ ಬಿದ್ದ.

*

"ಹೆಗಲು ಕೊಡೋರು ಬನ್ನಿ," ಎಂದು ಯಾರೋ ಕೂಗಿದರು.

ಮುಂದಿನ ಬಲಗಡೆಗೆ ಅಣ್ಣ ಹೋಗಿ ನಿಂತ. ಎಡಗಡೆಗೆ ಅವಳು ಹೋದಳು.

"ನೀನು ಹೊರೋದಾ?" ಅಣ್ಣ ಹಲ್ಲು ಕಚ್ಚಿ ಕೇಳಿದ. "ಜನ ಏನಂತಾರೆ?"

"ಅನ್ನಲಿ. ಭಾರ ಆದ್ರೆ ನಾನೇ ಹೇಳ್ತೀನಿ."

"ಅಪ್ಪ ಇದ್ದಿದ್ರೆ..."

"ಇದಾರೆ. ಎತ್ತು."

ಹಿಂದೆ ಅವಳ ಗಂಡನೂ ಲೈಟು ಮಾಮನೂ ಹೆಗಲು ಕೊಟ್ಟರು. ಚಟ್ಟ ಮೇಲೆದ್ದಿತು, ಎದ್ದ ಕೂಡಲೇ ವಾಲಿತು. ಅಣ್ಣ ಅವಳಿಗಿಂತ ಒಂದು ತಲೆ ಎತ್ತರ. ಮಟ್ಟ ಸರಿಯಾಗಬೇಕಾದರೆ ಅವಳು ಬೆಳೆಯಬೇಕಿತ್ತು, ಇಲ್ಲವೇ ಅವನು ಬಗ್ಗಬೇಕಿತ್ತು.

"ಸ್ವಲ್ಪ ಬಗ್ಗಪ್ಪಾ!" ಎಂದರು ಹಿಂದಿನಿಂದ ಸೋದರತ್ತೆ.

ಅಣ್ಣ ಬಗ್ಗಲಿಲ್ಲ. ಕತ್ತು ಸೆಟೆಸಿಕೊಂಡು, ಎದುರಿಗೆ ಮಾತ್ರ ನೋಡುತ್ತ ನಡೆದ. ದರ್ಜಿಯ ಅಂಗಡಿ ದಾಟಿತು, ಬೇಕರಿ ದಾಟಿತು, ಬಸ್ಸು ನಿಲ್ದಾಣದಲ್ಲಿ ಕೂತವರು ಎದ್ದು ನಿಂತರು. ಬೀದಿಯ ಉದ್ದಕ್ಕೂ, ಎಲ್ಲರ ಕಣ್ಣೆದುರಿಗೆ, ಅಪ್ಪ ಮಗಳ ಕಡೆಗೇ ವಾಲಿಕೊಂಡು ಹೋದರು.