ಇಪ್ಪತ್ತೆರಡು ದಿನದ ನಗು

ವಕ್ಕಲೇರಿಯಲ್ಲಿ ಬೆಳಿಗ್ಗೆ ಐದಕ್ಕೆ ಕಂಪನಿ ಬಸ್ಸು ಹತ್ತಿ, ಮಾಲೂರಿನ ಕಾರ್ಖಾನೆಯಲ್ಲಿ ಎಂಟು ಗಂಟೆ ನಿಂತು ವೈರುಗಳಿಗೆ ಟೇಪು ಸುತ್ತಿ ಮನೆಗೆ ಬರುವಷ್ಟರಲ್ಲಿ ಮುನಿಲಕ್ಷ್ಮಿಗೆ ತನ್ನ ಕಾಲುಗಳು ತನ್ನವಲ್ಲ ಎನಿಸುತ್ತಿತ್ತು. ಇಷ್ಟರ ನಡುವೆ ಫೋನಿನಲ್ಲೇ ಅವಳನ್ನು ಎಬ್ಬಿಸಿ ಕೂರಿಸುತ್ತಿದ್ದವಳು ಸಬಾ.

ಸಬಾ ಮುಳಬಾಗಿಲಿನವಳು, ಹಾಸಿಗೆ ಹೊಲಿಯುವ ಜಾನ್ ಪಾಷಾ ಅವರ ಮಗಳು. ಕೋಲಾರದ ಕಾಲೇಜಿನಲ್ಲಿ ಮೂರು ವರ್ಷ ಇಬ್ಬರದೂ ಒಂದೇ ಬೆಂಚು. ಅದೇ ಬೆಂಚಿನ ಮೂರನೆಯವಳು ಶ್ರೀವಾಣಿ. ಓದು ಮುಗಿದು ನಾಲ್ಕು ವರ್ಷವಾಗುವಷ್ಟರಲ್ಲಿ ಶ್ರೀವಾಣಿ ದೂರವಾಗಿದ್ದಳು. ಜಗಳವೇನೂ ಆಗಿರಲಿಲ್ಲ. ಮುನಿಲಕ್ಷ್ಮಿ ರೀಲ್ಸ್ ಕಳಿಸಿದರೆ ಸಬಾ ಅರ್ಧ ನಿಮಿಷದಲ್ಲಿ ನಕ್ಕು, ಬದಲಿಗೆ ಎರಡು ಕಳಿಸುತ್ತಿದ್ದಳು. ಇಬ್ಬರೂ ಒಂದೇ ಹೊತ್ತಿಗೆ ಆನ್‌ಲೈನ್ ಬರುತ್ತಿದ್ದರು, ಒಂದೇ ತರಹದ ಹುಚ್ಚಾಟಕ್ಕೆ ನಗುತ್ತಿದ್ದರು. ಶ್ರೀವಾಣಿಗೆ ಕಳಿಸಿದ್ದಕ್ಕೆ ಎರಡು ದಿನ ಬಿಟ್ಟು ಒಂದು ಹೆಬ್ಬೆರಳು ಬರುತ್ತಿತ್ತು. ಅವಳಿಗೆ ಕೋಲಾರದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕ ಮೇಲೆ ಜಂಬ ಬಂದಿದೆ ಎಂದು ಇಬ್ಬರೂ ಸೇರಿ ತೀರ್ಮಾನಿಸಿಬಿಟ್ಟಿದ್ದರು.

ಒಂದು ಭಾನುವಾರ ಅಮ್ಮನ ಕನ್ನಡಕ ರಿಪೇರಿಗೆಂದು ಕೋಲಾರಕ್ಕೆ ಹೋದ ಮುನಿಲಕ್ಷ್ಮಿಗೆ ಬಸ್ ಸ್ಟ್ಯಾಂಡಿನಲ್ಲಿ ಶ್ರೀವಾಣಿಯೇ ಎದುರಾದಳು.

"ಏಮೇ ಮುನ್ನೀ, ಎಷ್ಟು ಸಣ್ಣ ಆಗಿದೀಯ!" ಎಂದು ಕೈ ಹಿಡಿದುಕೊಂಡಳು. ಆಮೇಲೆ ದನಿ ತಗ್ಗಿಸಿ ಕೇಳಿದಳು: "ಸಬಾ ಅಪ್ಪಂಗೆ ಈಗ ಹೇಗಿದೆ? ಬಲಗೈ ಏನಾದ್ರೂ ಆಡ್ತಿದೆಯಾ?"

ಸಬಾಳ ಅಪ್ಪನಿಗೆ ಏನಾಗಿದೆ ಎಂಬುದೇ ಮುನಿಲಕ್ಷ್ಮಿಗೆ ಗೊತ್ತಿರಲಿಲ್ಲ. "ಪರವಾಗಿಲ್ಲ" ಎಂದು ಬಾಯಿಗೆ ಬಂದದ್ದನ್ನು ಹೇಳಿದಳು.

"ಇಪ್ಪತ್ತೆರಡು ದಿನ ನಮ್ಮ ಆಸ್ಪತ್ರೇಲೇ ಇದ್ರಲ್ಲ, ಪಾಪ. ಸ್ಟ್ರೋಕು ಅಂದ್ರೆ ಸುಮ್ನೇನಾ? ಇವಳು ವಾರ್ಡಿನ ನೆಲದ ಮೇಲೇ ಮಲಗ್ತಿದ್ಳು. ಮುನ್ನಿ ಬರಲಿಲ್ವೇನೇ ಅಂದ್ರೆ, ಅವಳಿಗೆ ಶಿಫ್ಟು ಅಂದ್ಳು."

ಶ್ರೀವಾಣಿಯ ಬಸ್ಸು ಬಂತು, ಹೋದಳು. ಮುನಿಲಕ್ಷ್ಮಿ ಕಂಬಕ್ಕೊರಗಿ ನಿಂತು ಫೋನು ತೆಗೆದಳು. ಬೆರಳಿನಿಂದ ತಳ್ಳುತ್ತಾ ಹಿಂದಿನ ತಿಂಗಳಿಗೆ ಹೋದಳು. ಗೋಡೆಯಿಂದ ಬೀಳುವ ಬೆಕ್ಕು. ತಾಳಿ ಕಟ್ಟುವಾಗ ಸೀನಿದ ಮದುಮಗ. ದಿನಕ್ಕೆ ಹತ್ತು, ಹದಿನಾಲ್ಕು. ಒಂದು ದಿನವೂ ತಪ್ಪಿರಲಿಲ್ಲ. ಎಲ್ಲವೂ ವಾರ್ಡಿನ ನೆಲದಿಂದ ಬಂದವು. ಎಲ್ಲದಕ್ಕೂ ತಾನು ನಕ್ಕಿದ್ದಳು.

ಅವಳಿಗೆ ಮೊದಲು ಬಂದದ್ದು ಸಿಟ್ಟು. ಕನ್ನಡಕವನ್ನು ಚೀಲದಲ್ಲೇ ಬಿಟ್ಟು ಮುಳಬಾಗಿಲಿನ ಬಸ್ಸು ಹತ್ತಿದಳು.

ಅಂಗಡಿಯ ಬಾಗಿಲು ಅರ್ಧ ಇಳಿದಿತ್ತು. ಹಿಂದಿನ ಮನೆಯಲ್ಲಿ ಜಾನ್ ಪಾಷಾ ಮಂಚದ ಮೇಲೆ ಕೂತು ಬಲಗೈಯೊಳಗಿನ ರಬ್ಬರ್ ಚೆಂಡನ್ನು ಅದುಮಲು ನೋಡುತ್ತಿದ್ದರು. ಅವಳನ್ನು ಕಂಡು ಬಾಯಿಯ ಒಂದೇ ಕಡೆಯಿಂದ ನಕ್ಕರು. ಸಬಾಳ ತಾಯಿ ಅಸ್ಗರಿ "ಬಾಮ್ಮಾ, ಈಗ ದಾರಿ ಗೊತ್ತಾಯ್ತಾ?" ಎಂದಷ್ಟೇ ಅಂದರು. ಮುನಿಲಕ್ಷ್ಮಿಗೆ ತಲೆ ಎತ್ತಲಾಗಲಿಲ್ಲ.

ಸಬಾ ಅಡುಗೆಮನೆಯಲ್ಲಿ ಹುರುಳಿಕಾಯಿ ಮುರಿಯುತ್ತಿದ್ದಳು. ಅವಳನ್ನು ನೋಡಿ ಕೈ ನಿಲ್ಲಿಸಿದಳು.

"ನಂಗ್ಯಾಕೆ ಹೇಳಲಿಲ್ಲ ನೀನು?"

ಸಬಾ ಕೈಯಲ್ಲಿದ್ದ ಕಾಯಿಯನ್ನು ಪಾತ್ರೆಗೆ ಹಾಕಿದಳು. "ಹೇಳಿದ್ರೆ ನೀನೂ ದಿನಾ ಅಬ್ಬಾ ಹೇಗಿದಾರೆ ಅಂತ ಕೇಳ್ತಿದ್ದೆ. ಬಂದೋರೆಲ್ಲ ಅದನ್ನೇ ಕೇಳ್ತಿದ್ರು. ಹೇಳಿ ಹೇಳಿ ಸಾಕಾಗಿತ್ತು. ನಿನ್ನ ಹತ್ರ ಮಾತ್ರ ಅಬ್ಬಾ ಇನ್ನೂ ಅಂಗಡೀಲಿ ಹೊಲೀತಾ ಕೂತಿದ್ರು ಕಣೇ."

"ಮತ್ತೆ ಶ್ರೀವಾಣಿಗೆ?"

"ನಾನೆಲ್ಲಿ ಹೇಳ್ದೆ? ರಕ್ತ ತಗೊಳ್ಳೋಕೆ ಬಂದ್ಳು, ನೋಡಿದ್ಳು. ಮಾರನೇ ದಿನದಿಂದ ಊಟದ ಡಬ್ಬಿ ತಂದ್ಳು."

ಬೈಯಬೇಕೆಂದು ಮುನಿಲಕ್ಷ್ಮಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಬೈಯಲು ತನಗಾದರೂ ಎಲ್ಲಿಯ ಮುಖ? ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು.

"ಪೊಲೀಸ್ ಕಾನ್‌ಸ್ಟೇಬಲ್ ಸೆಲೆಕ್ಷನ್ ಓಟದಲ್ಲಿ ನಾನು ಫೇಲಾದೆ" ಎಂದಳು.

"ರಿಸಲ್ಟೇ ಬಂದಿಲ್ಲ ಅಂದಿದ್ಯಲ್ಲ?"

"ಅವತ್ತೇ ಮೈದಾನದಲ್ಲೇ ಹೇಳಿದ್ರು. ನಾಲ್ಕು ಸೆಕೆಂಡು ತಡ. ಇನ್ನು ವಯಸ್ಸೂ ಮುಗೀತು."

"ಕುದುರೆ ಜಾರಿ ಬೀಳೋ ರೀಲ್ ಕಳಿಸಿದ್ಯಲ್ಲ, ಆ ದಿನಾನಾ?"

"ಹ್ಞೂಂ. ಆ ದಿನಾನೇ."

ಸಬಾ ಹುರುಳಿಕಾಯಿಯ ಪಾತ್ರೆಯನ್ನು ಇಬ್ಬರ ನಡುವೆ ಇಟ್ಟಳು. ಇಬ್ಬರೂ ನಾರು ತೆಗೆಯುತ್ತಾ ಕೂತರು. ಫೋನಿನಲ್ಲಿ ಎಡೆಬಿಡದೆ ಹರಟುತ್ತಿದ್ದವರಿಗೆ ಎದುರೆದುರು ಕೂತಾಗ ಮಾತು ಹುಡುಕಬೇಕಾಯಿತು. ಏನೋ ಹೇಳಲು ಹೋಗಿ ಸಬಾ ಅತ್ತಳು. ಅವಳ ಅಳು ಹೇಗಿರುತ್ತದೆ ಎಂಬುದು ಮುನಿಲಕ್ಷ್ಮಿಗೆ ಮರೆತೇ ಹೋಗಿತ್ತು. ಕೈಯಲ್ಲಿ ಕಾಯಿಯ ನಾರು ಅಂಟಿದ್ದರಿಂದ ಮೊಣಕೈಯಿಂದಲೇ ಅವಳನ್ನು ಒತ್ತಿ ಹಿಡಿದುಕೊಂಡಳು.

ಮಧ್ಯಾಹ್ನ ಇಬ್ಬರೂ ಎರಡು ಕಡೆ ಆನಿಸಿಕೊಂಡು ಜಾನ್ ಪಾಷಾರನ್ನು ಹೊಸಿಲವರೆಗೆ ನಡೆಸಿದರು. ಅವರು ಅಂಗಡಿಯಲ್ಲಿ ಬಿದ್ದಿದ್ದ ಹತ್ತಿಯ ಮೂಟೆಗಳನ್ನು ನೋಡಿ, ಹುಳು ಬೀಳುತ್ತದೆ, ಬಿಸಿಲಿಗೆ ಹಾಕಿ ಎಂದು ತೊದಲಿದರು. ಹಾಕಿದರು. ಹೊತ್ತು ಹೊತ್ತು ಇಬ್ಬರ ಬೆನ್ನೂ ಬಿದ್ದುಹೋಯಿತು.

ಆಮೇಲೂ ರೀಲ್ಸ್ ಪೂರ್ತಿ ನಿಲ್ಲಲಿಲ್ಲ, ಕಡಿಮೆಯಾದವು. ಬದಲಿಗೆ ಸಬಾ ಫೋನು ಮಾಡತೊಡಗಿದಳು. ಇದು ರೀಲ್ಸಿಗೆ ನಕ್ಕಷ್ಟು ಸುಲಭವಾಗಿರಲಿಲ್ಲ. ಶಿಫ್ಟು ಮುಗಿಸಿ ಬಂದು ಚಾಪೆಯ ಮೇಲೆ ಬಿದ್ದುಕೊಂಡಿರುವಾಗ ಫೋನು ಹೊಡೆದುಕೊಂಡರೆ ಒಂದೊಂದು ದಿನ ಮುನಿಲಕ್ಷ್ಮಿಗೆ ಎತ್ತಲು ಮನಸ್ಸೇ ಬರುತ್ತಿರಲಿಲ್ಲ. ಒಮ್ಮೆ ಪೂರ್ತಿ ಹೊಡೆದುಕೊಳ್ಳಲು ಬಿಟ್ಟೂ ಬಿಟ್ಟಳು. ಮತ್ತೆ ತಾನೇ ಮಾಡಿದಳು.

"ಇವತ್ತು ಅಬ್ಬಾ ಚಮಚ ಹಿಡಿದ್ರು ಕಣೇ" ಎಂದು ಸಬಾ ಶುರುಮಾಡಿದಳು. ಹಿಡಿದದ್ದು, ಬೀಳಿಸಿದ್ದು, ಅಮ್ಮಿ ರೇಗಿದ್ದು, ಎಲ್ಲವನ್ನೂ ಹೇಳುತ್ತಾ ಹೋದಳು. ಮುನಿಲಕ್ಷ್ಮಿ ಕಣ್ಣು ಮುಚ್ಚಿ ಫೋನನ್ನು ಕಿವಿಯ ಮೇಲೆ ಇಟ್ಟುಕೊಂಡು ಮಗ್ಗುಲಾದಳು.

"ಲೇ, ಕೇಳ್ತಿದೀಯಾ?"

"ಹ್ಞೂಂ, ಹೇಳು."