ದೊರೆಗೆ ಕೊಟ್ಟ ನೀರು

ಹಾರ್‌ಗ್ರೀವ್ಸ್ ಎಂಬ ಬಿಳಿ ದೊರೆ ಸರೋವರಕ್ಕೆ ಹೋಗುವ ದಾರಿಯನ್ನು ಕಂಡುಹಿಡಿದನಂತೆ. ಅವನು ಬರುವ ಮೊದಲೇ ಆ ದಾರಿಯಲ್ಲಿ ಹೊರೆ ಹೊತ್ತು ಹೊತ್ತು ನಮ್ಮ ನ್ಯಾಮ್ವೇಜಿ ಕುಲದ ಗಂಡಸರ ನಡುನೆತ್ತಿ ಬೋಳಾಗಿತ್ತು, ಅದನ್ನು ಕೇಳುವವರಿಲ್ಲ. ಈಗ ಅವನ ಬದುಕಿನ ಚಿತ್ರಗಳನ್ನೆಲ್ಲ ತಬೋರಾ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ ತೂಗುಹಾಕುತ್ತಾರಂತೆ. ನನ್ನನ್ನೂ ಅಣ್ಣ ಮಿಹಾಂಬೊನನ್ನೂ ಕರೆದರು. ಯಾಕೆಂದರೆ ಒಂದು ಚಿತ್ರದಲ್ಲಿ ನಮ್ಮ ಮುತ್ತಜ್ಜ ಕಪೇಲ ಇದ್ದಾನೆ, ದೊರೆಗೆ ಸೋರೆಬುರುಡೆಯಲ್ಲಿ ನಮ್ಮ ಬಾವಿಯ ನೀರು ಕೊಡುತ್ತಾ.

ಹಳೆಯ ಪುಸ್ತಕದಲ್ಲಿ ಅಚ್ಚಾದ ಆ ಚಿತ್ರ ನಮ್ಮೂರಿಗೆಲ್ಲ ಗೊತ್ತು. ಅದರಲ್ಲಿ ಅಜ್ಜ ಎಡಗೈಯಲ್ಲಿ ಕೊಡುತ್ತಿದ್ದಾನೆ. ನಮ್ಮಲ್ಲಿ ನಾಯಿಗೂ ಯಾರೂ ಹಾಗೆ ಕೊಡುವುದಿಲ್ಲ. ಹೊತ್ತಿದ್ದ ಪೆಟ್ಟಿಗೆಯೊಂದು ಹೊಳೆಗೆ ಬಿತ್ತೆಂದು ಅವತ್ತು ಬೆಳಿಗ್ಗೆಯಷ್ಟೇ ದೊರೆ ಅವನಿಗೆ ಚಾಟಿಯಲ್ಲಿ ಬಾರಿಸಿದ್ದ. ಅವಮಾನವಾದದ್ದೂ ತಿಳಿಯದೆ ಆ ಪೆದ್ದ ಗಟಗಟನೆ ಕುಡಿದನಲ್ಲ ಎಂದು ನಮ್ಮ ಮನೆಯಲ್ಲಿ ತಲೆತಲಾಂತರದಿಂದ ನಗುತ್ತಾ ಬಂದಿದ್ದೇವೆ. ನಮಗೆ ಇದ್ದದ್ದು ಆ ಒಂದು ಸೇಡು.

ವಸ್ತುಸಂಗ್ರಹಾಲಯದ ಅಧಿಕಾರಿ ಫರ್ಡಿನಂಡ್ ಚಿತ್ರ ತೋರಿಸಿದ. ಅಜ್ಜನ ಬಲಗೈ!

"ಇದೇನಪ್ಪಾ, ಕೈ ಬದಲಾಯಿಸಿದ್ದೀಯ?"

"ಇಲ್ಲಮ್ಮಾ. ಪುಸ್ತಕದ ಅಚ್ಚಲ್ಲಿ ಎಡ ಬಲ ಅದಲು ಬದಲಾಗಿತ್ತು. ಅದ್ರಲ್ಲಿ ದೊರೆ ಕೋಟಿನ ಗುಂಡಿ ನೋಡಿ, ಹೆಂಗಸ್ರ ಕುಪ್ಪಸದ ಥರ ಎಡಗಡೆ ಇದೆ. ಇದು ದೊರೆನೇ ಕೈಯಾರೆ ಬರೆದ ಮೂಲ ಚಿತ್ರ."

ಕೆಳಗೆ ಪಟ್ಟಿ ಅಂಟಿಸಿದ್ದ: 'ದೊರೆ ಮತ್ತು ನಂಬಿಕಸ್ಥ ಸೇವಕ.' ನನ್ನ ಮೈಯೆಲ್ಲ ಉರಿದುಹೋಯಿತು.

"ಸೇವಕನಾ? ಬಾವಿ ನಮ್ದು, ನೀರು ನಮ್ದು. ಬಾಯಾರಿ ಬಂದವನಿಗೆ ಬಲಗೈಯಲ್ಲಿ ಕೊಡೋನು ಮನೆ ಯಜಮಾನ ಕಣೋ! ಹೊಡೆದವನಿಗೂ ಮರ್ಯಾದೆಯಿಂದ ಕೊಟ್ಟಿದಾನೆ. ಹಾಗಂತ ಬರಿ. ಬೆಳಿಗ್ಗೆ ಹೊಡೆಸ್ಕೊಂಡಿದ್ದ ಅಂತಾನೂ ಬರಿ."

"ಕಲುಂಡೇ, ಮೆಲ್ಲಗೆ," ಎಂದ ಅಣ್ಣ. ಅವನದು ಯಾವಾಗಲೂ ಇದೇ ರಾಗ.

"ಯಜಮಾನ ಅಂತ ಬೇಕಾದ್ರೆ ಬರೀತೀನಮ್ಮಾ. ಆದ್ರೆ ಹೊಡೆದಿದ್ದಕ್ಕೆ ಸಾಕ್ಷಿ ಎಲ್ಲಿದೆ?"

"ಕೋಟಿನ ಗುಂಡಿಗೆ ಸಾಕ್ಷಿ ಇದೆ, ಅಜ್ಜನ ಬೆನ್ನಿಗೆ ಇಲ್ವಾ? ತನ್ನ ಕೋಟಿನ ಗುಂಡಿ ಒಂದೂ ಬಿಡದೆ ಬರ್ಕೊಂಡ ಆ ಪುಣ್ಯಾತ್ಮ, ತಾನೇ ಹೊಡೆದು ಹರಿದ ಚರ್ಮ ಬರೀಲಿಲ್ವಲ್ಲೋ!"

ಕೋಪಕ್ಕೆ ಅಳು ಬಂದುಬಿಟ್ಟಿತು. ಆ ಅಧಿಕಾರಿಯ ಮುಂದೆ ಅತ್ತೆನಲ್ಲ ಎಂದು ಇನ್ನೂ ಕೋಪ ಬಂತು. ಫರ್ಡಿನಂಡ್ ನೆಲ ನೋಡುತ್ತಾ, "ಸಾಕ್ಷಿ ಇಲ್ಲದ್ದು ಬರೆಯೋ ಹಾಗಿಲ್ಲ, ನಿಯಮ ಹಾಗಿದೆ" ಎಂದ.

ಆಗ ಅಣ್ಣ ಎದ್ದ. ಜೀವಮಾನದಲ್ಲಿ ಯಾರಿಗೂ ಎದುರಾಡದ ನನ್ನ ಅಣ್ಣ ಮೇಜಿನ ಮೇಲಿದ್ದ ಚಿತ್ರವನ್ನು ಎತ್ತಿ ಕಂಕುಳಿಗೆ ಸಿಕ್ಕಿಸಿಕೊಂಡ.

"ನಡಿಯೇ ತಂಗಿ, ಅಜ್ಜನ್ನ ಮನೆಗೆ ಕರ್ಕೊಂಡು ಹೋಗೋಣ."

"ಅಯ್ಯೋ, ಅದು ಸರ್ಕಾರದ್ದು! ದೊರೆ ಚಿತ್ರ ಅದು!" ಫರ್ಡಿನಂಡ್ ಬಾಗಿಲಿಗೆ ಅಡ್ಡ ನಿಂತ.

"ದೊರೆ ತಾನೇ?" ಎಂದ ಅಣ್ಣ, ಅವನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸುತ್ತಾ. "ಚಿತ್ರದಿಂದ ಅವನೊಬ್ಬನ್ನ ಕತ್ತರಿಸಿ ನಾಳೆ ವಾಪಸ್ ಕಳಿಸ್ತೀನಿ."