ಏಳು ಮನೆಯ ಸುತ್ತೋಲೆ

ಹನ್ನೊಂದು ಮನೆಯವರು ಬರಬೇಕಿದ್ದ ಕೆಲಸಕ್ಕೆ ನಾಲ್ಕೇ ಜನ ಬಂದಿದ್ದರು. ಅವರಲ್ಲಿ ಇಬ್ಬರಿಗೆ ಎಪ್ಪತ್ತು ದಾಟಿತ್ತು. ಹಿಮ ಬೀಳುವುದರೊಳಗೆ ಓಣಿಯ ಚರಂಡಿ ತೆಗೆಯಬೇಕು. ಕಾಂಕ್ರೀಟಿನ ಮುಚ್ಚಳಗಳನ್ನು ಎತ್ತಿ, ಕೆಸರು ಬಾಚಿ, ಮೂಟೆ ಕಟ್ಟಿಡಬೇಕು. ಆ ನಾಲ್ವರಲ್ಲಿ ಒಬ್ಬರಾದ ಚಿಗುಸಾ ಮನೆಗೆ ಬಂದಾಗ ಹನ್ನೊಂದೂವರೆ ಆಗಿತ್ತು. ಬೂಟು ಬಿಚ್ಚದೆ ಬಾಗಿಲಲ್ಲೇ ನಿಂತು ಕೂಗಿದರು.

"ನೊಮಿನ್, ಹಲಗೆ ಯಾರಿಗೆ ಕೊಟ್ಟೆ?"

ನೊಮಿನ್ ಮಂಗೋಲಿಯಾದಿಂದ ಜಪಾನಿಗೆ ಓದಲು ಬಂದು ಚಿಗುಸಾರ ಮನೆಯಲ್ಲಿದ್ದ ಹುಡುಗಿ. ಮಹಡಿ ಹತ್ತಿ, ಕಾಲೇಜಿನ ಚೀಲದಿಂದ, ಮನೆಯಿಂದ ಮನೆಗೆ ದಾಟಿಸುವ ಸುತ್ತೋಲೆಯ ಹಲಗೆ ತೆಗೆದು, ಕೆಳಗೆ ತಂದು ಎರಡೂ ಕೈಯಲ್ಲಿ ಹಿಡಿದು ನಿಂತಳು. ಚರಂಡಿ ಕೆಲಸ ಈ ವರ್ಷ ಒಂದು ವಾರ ಮುಂಚೆ ಎಂಬ ಚೀಟಿ ಇನ್ನೂ ಅದಕ್ಕೆ ಸಿಕ್ಕಿಕೊಂಡಿತ್ತು. ಕೆಳಗೆ, ಓದಿದ ಮನೆಯವರು ಮೊಹರು ಒತ್ತಲು ಹನ್ನೊಂದು ಚೌಕ. ನಾಲ್ಕರಲ್ಲಿ ಮೊಹರು ಬಿದ್ದಿತ್ತು. ನಾಲ್ಕನೆಯದು ಮುರಮೊತೊ ಮನೆಯದು, ಈ ಮನೆಯದು. ಮಿಕ್ಕ ಏಳು ಖಾಲಿ.

ಒಳಗಿನ ಕೋಣೆಯಿಂದ ಅಜ್ಜ ಕತ್ತು ಚಾಚಿದರು. "ಸಿಕ್ತಲ್ಲ ಬಿಡು. ನಾನು ಮಂಗೋಲಿಯಾಕ್ಕೇ ಹೋಯ್ತೇನೋ ಅಂದ್ಕೊಂಡಿದ್ದೆ."

"ಮಾವ, ನೀವು ಸ್ವಲ್ಪ ಸುಮ್ನಿರಿ," ಎಂದರು ಚಿಗುಸಾ.

ಹಲಗೆಯನ್ನು ಪಕ್ಕದ ಮನೆಗೆ ಮುಟ್ಟಿಸುವುದು ನೊಮಿನ್‌ಳ ಕೆಲಸ. ಹಾಗಾದರೂ ಓಣಿಯವರಿಗೆ ಅವಳ ಮುಖ ಪರಿಚಯವಾಗಲಿ ಎಂದು ಚಿಗುಸಾ ಅದನ್ನು ಅವಳಿಗೆ ವಹಿಸಿದ್ದರು. ಒಂಬತ್ತು ದಿನದ ಹಿಂದೆ, ರೈಲಿಗೆ ಹೊತ್ತಾಯಿತೆಂದು, ಸಂಜೆ ಕೊಟ್ಟರಾಯಿತು ಎಂದು ಅವಳು ಅದನ್ನು ಚೀಲಕ್ಕೆ ಹಾಕಿಕೊಂಡಳು. ಸಂಜೆ ಬಂದು ಊಟ ಮಾಡಿ ಮಲಗಿಬಿಟ್ಟಳು. ಮೂರನೆಯ ದಿನ ಪುಸ್ತಕ ತೆಗೆಯುವಾಗ ಹಲಗೆ ಕೈಗೆ ತಗುಲಿತು. ಆಗಲೇ ತಡವಾಗಿತ್ತು. ತಡವಾಗಿ ಕೊಡುವುದಾದರೆ ಬಾಗಿಲಲ್ಲಿ ನಿಂತು ಕ್ಷಮೆ ಕೇಳಬೇಕು, ಅದೂ ಈ ದೇಶದ ದೊಡ್ಡವರ ಮುಂದೆ ಆಡಬೇಕಾದ ಭಾಷೆಯಲ್ಲಿ. ಅವಳು ಪುಸ್ತಕ ತೆಗೆದುಕೊಂಡು ಚೀಲ ಮುಚ್ಚಿದಳು. ನಾಲ್ಕನೆಯ ದಿನ ಇನ್ನಷ್ಟು ತಡ. ಐದನೆಯ ದಿನದಿಂದ ಅದರತ್ತ ನೋಡುವುದನ್ನೇ ಬಿಟ್ಟಳು.

ಅವಳು ಸೋಮಾರಿಯಲ್ಲ. ಐದೂವರೆಗೆ ಏಳುತ್ತಿದ್ದಳು. ಒಂದು ಗಂಟೆಯ ರೈಲು, ಮಧ್ಯಾಹ್ನದವರೆಗೆ ಭಾಷೆಯ ಪಾಠ, ವಾರದಲ್ಲಿ ಮೂರು ದಿನ ಹೋಟೆಲುಗಳ ಹಾಸಿಗೆ ಹೊದಿಕೆ ಒಗೆಯುವ ಕಾರ್ಖಾನೆಯಲ್ಲಿ ಮಡಿಕೆ ಹಾಕುವ ಕೆಲಸ, ಮತ್ತೆ ರೈಲು. ಕೆಲಸ ಅಷ್ಟೇನೂ ಭಾರವಲ್ಲ. ಭಾರವಾದದ್ದು ಮುಖ. ಇಡೀ ದಿನ ಅರ್ಥವಾದಂತೆ ಇಟ್ಟುಕೊಂಡ ಮುಖ ಸಂಜೆಯ ಹೊತ್ತಿಗೆ ಕಿವಿಯ ಹತ್ತಿರ ನೋಯುತ್ತಿತ್ತು.

ಬುಧವಾರ, ವಿದೇಶಿ ವಿದ್ಯಾರ್ಥಿಗಳಿಗೆ ಮನೆ ಗೊತ್ತುಮಾಡಿಕೊಡುವ ಸಂಘದಿಂದ ಮಿನೆಗಿಶಿ ಎಂಬವರು ಬರುವವರಿದ್ದರು. ನೊಮಿನ್ ಬಂದು ಆರು ತಿಂಗಳು ಮುಗಿದಿತ್ತು. ವಿದ್ಯಾರ್ಥಿನಿಯನ್ನು ಇನ್ನೂ ಇಟ್ಟುಕೊಳ್ಳುವಿರಾ ಎಂದು ಆಕೆ ಕೇಳುತ್ತಾರೆ, ಮನೆಯವರು ಹೇಳಿದ್ದನ್ನು ಬರೆದುಕೊಳ್ಳುತ್ತಾರೆ. ವಿದ್ಯಾರ್ಥಿಗಳನ್ನು ಇಟ್ಟುಕೊಳ್ಳುವ ಬೇರೆ ಮನೆ ಆ ಊರಲ್ಲಿ ಇಲ್ಲ. ನರ್ಸಿಂಗ್ ಶಾಲೆಯ ಪ್ರವೇಶ ಪರೀಕ್ಷೆ ಫೆಬ್ರವರಿ ಎಂಟಕ್ಕೆ. ಚಿಗುಸಾ ಬೇಡವೆಂದರೆ ನೊಮಿನ್ ಪರೀಕ್ಷೆ ಬರೆಯದೆ ಮಂಗೋಲಿಯಾದ ದರ್ಖಾನಿಗೆ, ಬೇಕರಿಯಲ್ಲಿ ಹಿಟ್ಟು ನಾದುವ ತಾಯಿಯ ಬಳಿಗೆ ವಾಪಸು ಹೋಗಬೇಕು.

ಚಿಗುಸಾ ಸ್ನಾನ ಮಾಡಿ, ಬೂದು ಬಣ್ಣದ ಕೋಟು ಹಾಕಿಕೊಂಡು, ಏಳು ಮನೆಗೂ ಹೋಗಿ ಕ್ಷಮೆ ಕೇಳಲೆಂದು ನಿಲ್ದಾಣದ ಅಂಗಡಿಯಿಂದ ಹೂರಣ ತುಂಬಿದ ಸಿಹಿ ಬಿಲ್ಲೆಗಳ ಏಳು ಪೊಟ್ಟಣ ತಂದರು.

"ಕೂದಲು ಹಿಂದಕ್ಕೆ ಕಟ್ಕೋ. ಮಾತು ನಾನಾಡ್ತೀನಿ. ನಾನು ಬಗ್ಗಿದಾಗ ನೀನೂ ಬಗ್ಗು. ನಾನು ಎದ್ದ ಮೇಲೆ ನೀನು ಏಳು."

"ಆಯ್ತು, ಅಮ್ಮ."

ಮೊದಲ ಬಾಗಿಲು ತೆರೆದ ಗಂಡಸು ಇನ್ನೂ ಮಲಗುವ ಬಟ್ಟೆಯಲ್ಲೇ ಇದ್ದ. "ಪರ್ವಾಗಿಲ್ಲ ಬಿಡಿ, ಮುರಮೊತೊ ಅವರೇ. ನಿಮ್ಮಿಂದ ನನಗೊಂದು ಭಾನುವಾರ ನಿದ್ದೆ ಸಿಕ್ತು," ಎಂದು ನಕ್ಕು ಪೊಟ್ಟಣ ಇಸಿದುಕೊಂಡ. ಎರಡನೆಯ ಮನೆಯಾಕೆ ಚಿಗುಸಾರ ಜೊತೆ ಮಾತಾಡುತ್ತಾ ನೊಮಿನ್‌ಳನ್ನೇ ನೋಡಿದಳು.

"ಬೇರೆ ದೇಶದ ಮಕ್ಕಳನ್ನ ಇಟ್ಕೊಳ್ಳೋದು ಅಂದ್ರೆ ಸುಮ್ನೆ ಅಲ್ಲ, ಅಲ್ವಾ? ನಮ್ಮ ಪದ್ಧತಿ ಅವರಿಗೆ ಹೇಗೆ ಗೊತ್ತಾಗ್ಬೇಕು, ಪಾಪ."

"ಇವಳದೇನೂ ಇಲ್ಲ. ಚಪ್ಪಲಿ ಕಪಾಟಿನ ಮೇಲಿಟ್ಟು ನಾನೇ ಮರೆತೆ," ಎಂದರು ಚಿಗುಸಾ.

ಮೂರನೆಯ ಮನೆಯಲ್ಲೂ ಅದೇ ಮಾತು, ಅದೇ ಕಪಾಟು. ನಾಲ್ಕನೆಯ ಮನೆಯಲ್ಲಿ ಯಾರೂ ಇರಲಿಲ್ಲ. ಮುಂದಿನ ಎರಡು ಮುಗಿಸಿ ಮತ್ತೆ ಅಲ್ಲಿಗೆ ಬಂದರು. ಅಷ್ಟರಲ್ಲಿ ಚಿಗುಸಾರ ಮಾತಿನಲ್ಲಿ ಕಪಾಟಿನ ಮೇಲೆ ಟೋಪಿಯೊಂದು ಬಂದಿತ್ತು. ಅದರ ಅಡಿಯಲ್ಲಿ ಹಲಗೆ ಸಿಕ್ಕಿಕೊಂಡಿತ್ತು. ನೊಮಿನ್ ಬಗ್ಗಿದಾಗ ಕಣ್ಣೆದುರು ಬೇರೆಬೇರೆ ಮನೆಯವರ ಚಪ್ಪಲಿಗಳು ಕಾಣುತ್ತಿದ್ದವು. ತನಗಾಗಿ ಇನ್ನೊಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದು ಅವಳಿಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಸೊಂಟ ಮಾತ್ರ ನೋಯುತ್ತಿತ್ತು.

ಕೊನೆಯದು ತೊಕಿವಾ ಅಜ್ಜಿಯ ಮನೆ. ಎಪ್ಪತ್ತೊಂಬತ್ತು ವರ್ಷ, ಒಬ್ಬರೇ. ಬಾಗಿಲನ್ನು ಗೇಣಗಲ ಸರಿಸಿ ಇಬ್ಬರನ್ನೂ ನೋಡಿದರು.

"ಓ, ಬಂದ್ರಾ. ನನ್ನನ್ನ ಪಟ್ಟಿಯಿಂದ ತೆಗೆದುಹಾಕಿದ್ರು ಅಂದ್ಕೊಂಡಿದ್ದೆ. ಸಭೆ ಸೇರಿ, ಆ ಮುದುಕಿ ಸತ್ತಿರ್ಬೇಕು ಅಂತ ತೀರ್ಮಾನ ಮಾಡಿದಾರೆ ಅಂತ."

"ಛೆ, ಎಲ್ಲಾದ್ರೂ ಉಂಟಾ! ಕಪಾಟಿನ ಮೇಲಿಟ್ಟು ನಾನು..."

"ಬೆಳಿಗ್ಗೆ ಕಿಟಕೀಲಿ ನೋಡ್ತಿದ್ದೆ. ನೀವು ನಾಲ್ಕು ಜನ ಕೆಸರು ಎತ್ತುತ್ತಾ ಇದ್ರಿ. ಅಲ್ಲ, ನಾನೂ ಗುದ್ದಲಿ ಹಿಡಿಯೋಳೇ, ನನ್ನನ್ನ ಯಾಕೆ ಕರೀಲಿಲ್ಲ ಅಂತ. ಬರೋಣ ಅಂದ್ರೆ, ಕರೀದೆ ಹೇಗೆ ಬರೋದು?" ಅಜ್ಜಿ ಗಲ್ಲವನ್ನು ನೊಮಿನ್‌ಳ ಕಡೆ ತಿರುಗಿಸಿದರು. "ಈ ಹುಡುಗಿ ಮರೆತಳೋ?"

"ಇಲ್ಲ ಇಲ್ಲ, ತಪ್ಪು ನಂದೇ."

"ನಿನ್ನನ್ನ ಕೇಳ್ಲಿಲ್ಲಮ್ಮ. ಅವಳನ್ನ ಕೇಳ್ದೆ. ಬಾಯಿ ಇದೆಯಲ್ಲ?"

ಚಿಗುಸಾ ಬಗ್ಗಿದರು. ನೊಮಿನ್ ಬಗ್ಗಲಿಲ್ಲ. ಬಗ್ಗಬೇಕೆಂದು ಗೊತ್ತಿತ್ತು. ಏಳನೆಯ ಸಲಕ್ಕೆ ಸೊಂಟವೂ ಕೇಳಲಿಲ್ಲ, ಮನಸ್ಸೂ ಕೇಳಲಿಲ್ಲ.

"ಮರೆತಿರಲಿಲ್ಲ, ಅಜ್ಜಿ. ಚೀಲದಲ್ಲಿತ್ತು. ಗೊತ್ತಿತ್ತು. ಕೊಡ್ಲಿಲ್ಲ."

"ಯಾಕೆ?"

"ಸುಸ್ತಾಗಿತ್ತು."

ಅಜ್ಜಿ ಬಾಗಿಲನ್ನು ಪೂರ್ತಿ ಸರಿಸಿದರು. ಕೋಪ ಇಳಿದಂತೇನೂ ಕಾಣಲಿಲ್ಲ. "ಸುಸ್ತಂತೆ! ಹತ್ತೊಂಬತ್ತಕ್ಕೆ!" ಎಂದು ಪೊಟ್ಟಣ ತೆಗೆದುಕೊಂಡು, ಹಲಗೆಯನ್ನೂ ಕಸಿದುಕೊಂಡು, ಒಳಗೆ ಹೋಗಿ ಮೊಹರು ಒತ್ತಿ ತಂದು ಕೊಟ್ಟರು. ಮುಗಿದುಹೋದ ಕೆಲಸದ ಚೀಟಿಗೂ ಮೊಹರು ಬೇಕಿತ್ತು ಅವರಿಗೆ. ಬಾಗಿಲು ಸರಿದು ಮುಚ್ಚಿತು.

ಇಬ್ಬರೂ ಓಣಿಯಲ್ಲಿ ಮನೆಯ ಕಡೆ ನಡೆದರು. ಕೆಸರಿನ ಮೂಟೆಗಳು ಸಾಲಾಗಿ ಕೂತಿದ್ದವು. ಒಂದು ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಚಿಗುಸಾ ನಿಂತು ಅದನ್ನು ಕಾಲಿನಿಂದ ಒತ್ತಿದರು.

"ಆರು ಮನೇಲಿ ನಾನು ಕಟ್ಟಿದ್ದನ್ನ ಏಳನೇ ಮನೇಲಿ ನೀನು ಕೆಡವಿದೆ. ನಾಳೆ ಬೆಳಿಗ್ಗೆಯೊಳಗೆ ಓಣಿಗೆಲ್ಲಾ ಗೊತ್ತಾಗುತ್ತೆ. ತೊಕಿವಾ ಅಜ್ಜಿಗೆ ಹಲಗೆ ಗಿಲಗೆ ಏನೂ ಬೇಕಾಗಿಲ್ಲ."

"ಕ್ಷಮಿಸಿ, ಅಮ್ಮ."

"ನನಗಾದ್ರೂ ಹೇಳ್ಬಹುದಿತ್ತಲ್ಲ? ನಾನೇನು ತಿಂದುಬಿಡ್ತಿದ್ನಾ?"

"ನಿಮಗೆ ಹೇಳಕ್ಕೂ ಅಷ್ಟೇ ಉದ್ದದ ಮಾತು ಬೇಕಲ್ಲ." ನೊಮಿನ್ ಮುಚ್ಚಳವನ್ನೇ ನೋಡುತ್ತಿದ್ದಳು. "ಊಟಕ್ಕೆ ಕೂತಾಗ ಹೇಳೋ ಸುದ್ದೀನೂ ನಾನು ರೈಲಲ್ಲಿ ಜೋಡಿಸ್ಕೊಂಡು ಬರ್ತೀನಿ. ದಿನಾ ಏನಾಯ್ತು ಅಂತ ಕೇಳ್ತೀರಿ. ದಿನಾ ಏನೂ ಆಗಲ್ಲ. ಅದಕ್ಕೆ ಕೆಲವು ಹುಟ್ಟಿಸ್ತೀನಿ."

"ಹುಟ್ಟಿಸ್ತೀಯಾ? ಮೇಷ್ಟ್ರ ಟೋಪಿ ರೈಲಿನ ಬಾಗಿಲಿಗೆ ಸಿಕ್ಕಿ ಮುಂದಿನ ಊರಿಗೆ ಹೋಗಿದ್ದು?"

"ಸುಳ್ಳು."

"ಅಯ್ಯೋ ದೇವರೇ. ಮಾವ ಅದನ್ನ ಕ್ಷೌರದಂಗಡೀಲಿ ಹೇಳಿ ಬಂದಿದಾರೆ." ಚಿಗುಸಾರಿಗೆ ನಗು ಬಂದಂತಾಗಿ ಅರ್ಧಕ್ಕೇ ನಿಂತಿತು. ಅವರು ಕೋಟಿನ ಜೇಬಿಗೆ ಕೈ ಹಾಕಿಕೊಂಡರು. "ನಾನು ಮಾತ್ರ ಸುಮ್ನೆ ಕೇಳ್ತೀನಾ? ಸಂಘದವರು ಕೊಟ್ಟ ಪುಸ್ತಕದಲ್ಲಿದೆ, ಊಟದ ಹೊತ್ತಲ್ಲಿ ಮಗುವನ್ನ ಮಾತಾಡಿಸಿ ಅಂತ. ಇವತ್ತೇನು ಕೇಳ್ಲಿ ಅಂತ ತರಕಾರಿ ಕೊಳ್ಳುವಾಗ್ಲೇ ಯೋಚನೆ ಶುರು. ನಮ್ಮನೆಯವರು ನಗೋಯಾದಲ್ಲಿ ಕೆಲಸಕ್ಕೆ ಕೂತಿದಾರೆ, ಹದಿನೈದು ದಿನಕ್ಕೊಂದ್ಸಲ ಬಂದು ಮಲಗಿ ಹೋಗ್ತಾರೆ. ಮಾವನಿಗೆ ಸ್ನಾನ, ಮಾತ್ರೆ. ನಿಂಗೆ ಬುತ್ತಿ. ಎಲ್ಲಾ ಮುಗಿದ್ಮೇಲೆ ಒಂದು ಪ್ರಶ್ನೆ ಬೇರೆ."

ನೊಮಿನ್ ಮುಚ್ಚಳದ ಇನ್ನೊಂದು ತುದಿಯನ್ನು ಕಾಲಿನಿಂದ ಒತ್ತಿದಳು. ಈ ಸಲ ಮಾತು ಹುಡುಕಲಿಲ್ಲ.

"ಬುಧವಾರ ಆಕೆ ಬಂದಾಗ ಏನು ಹೇಳ್ತೀನೋ ನನಗೇ ಗೊತ್ತಿಲ್ಲ," ಎಂದರು ಚಿಗುಸಾ. "ಸುಮ್ನೆ ಧೈರ್ಯ ಹೇಳಲ್ಲ ನಿಂಗೆ."

ಬುಧವಾರ ಮಧ್ಯಾಹ್ನ ಮಿನೆಗಿಶಿ ತೆಳ್ಳನೆಯ ಕಡತ ತೆರೆದಿಟ್ಟುಕೊಂಡು ಕೂತರು. ಅವರ ಚಹಾ ಆರುತ್ತಿತ್ತು. ಓಣಿಯ ಸುದ್ದಿ ಅವರಿಗೂ ಮುಟ್ಟಿದಂತಿತ್ತು. ಮಾತುಮಾತಿಗೂ "ಸಣ್ಣಪುಟ್ಟದ್ದು ಇದ್ದೇ ಇರುತ್ತೆ" ಎನ್ನುತ್ತಿದ್ದರು. ಅಜ್ಜ ಪಕ್ಕದ ಕೋಣೆಯಲ್ಲಿ ಟಿವಿಯ ಸದ್ದು ತಗ್ಗಿಸಿದರು.

"ಹಾಗಾದ್ರೆ, ಮಾರ್ಚ್ ಕೊನೆಯವರೆಗೆ ಅಂತ ಬರ್ಕೊಳ್ಳಲಾ?"

ನೊಮಿನ್ ತನ್ನ ಮಂಡಿಗಳ ಮೇಲೆ ಇದ್ದ ಕೈಗಳನ್ನು ನೋಡಿದಳು. ಹೊದಿಕೆಗಳನ್ನು ಮಡಿಸಿ ಮಡಿಸಿ ಬೆರಳ ತುದಿಗಳು ಒಡೆದಿದ್ದವು.

"ಮಾರ್ಚ್ ಬೇಡ," ಎಂದರು ಚಿಗುಸಾ. "ಪರೀಕ್ಷೆ ಫೆಬ್ರವರಿ ಎಂಟಕ್ಕೆ. ಅದು ಮುಗಿಯೋವರೆಗೆ ಇಲ್ಲೇ ಇರ್ಲಿ. ಅದರ ಮುಂದಕ್ಕೆ ನನ್ನ ಕೈಲಾಗಲ್ಲ. ಇವಳ ಮೇಲೆ ದೂರಿಲ್ಲ. ಹಾಗಂತ ಸರಿಯಾಗಿ ಬರೀರಿ."

ಮಿನೆಗಿಶಿ ದಿನಾಂಕ ಬರೆದುಕೊಂಡರು. ಇನ್ನು ಮೂರು ತಿಂಗಳು. ಆಮೇಲೆ ಎಲ್ಲಿ ಎಂಬುದು ಕಾಗದದಲ್ಲಿ ಇರಲಿಲ್ಲ. ಸಾಕು ಎಂದುಕೊಂಡಳು ನೊಮಿನ್. ಖುಷಿಯಾಯಿತೇ ಎಂದು ತನ್ನನ್ನೇ ಕೇಳಿಕೊಂಡಳು. ಭುಜ ಎರಡು ಬೆರಳಷ್ಟು ಕೆಳಗಿಳಿದಂತಿತ್ತು, ಅಷ್ಟೇ.

"ಇಲ್ಲೊಂದು ಅಂಕಣ ಇದೆ, ವಿದ್ಯಾರ್ಥಿಗೇನಾದ್ರೂ ತೊಂದರೆ ಇದೆಯಾ ಅಂತ. ಸಾಮಾನ್ಯವಾಗಿ ಎಲ್ಲರೂ ಇಲ್ಲ ಅಂತಾರೆ," ಎಂದು ಮಿನೆಗಿಶಿ ನಕ್ಕರು.

"ಸುಸ್ತು," ಎಂದಳು ನೊಮಿನ್.

"ಅದು... ಅದನ್ನ ತೊಂದರೆ ಅಂತ ಹೇಗೆ ಹಾಕೋದಮ್ಮ? ಸುಸ್ತು ಎಲ್ಲರಿಗೂ ಇರುತ್ತೆ."

"ಹಾಕಿ," ಎಂದರು ಚಿಗುಸಾ. "ಮನೆಯವರ ಅಂಕಣ ಇದ್ರೆ ಅಲ್ಲೂ ಹಾಕಿ."

"ನಂದೂ ಸೇರಿಸ್ಕೊಳ್ಳಿ!" ಗೋಡೆಯಾಚೆಯಿಂದ ಅಜ್ಜನ ದನಿ ಬಂತು.

"ಇಡೀ ದಿನ ಕೂತಿರ್ತೀರಿ, ನಿಮಗೇನು ಸುಸ್ತು ಮಾವ?"

"ಕೂತು ನೋಡು, ಗೊತ್ತಾಗುತ್ತೆ."

ಮಿನೆಗಿಶಿ ಪೆನ್ನು ಹಿಡಿದು ಒಂದು ಕ್ಷಣ ಯೋಚಿಸಿದರು. ಆಮೇಲೆ ಆ ಚಿಕ್ಕ ಚೌಕದೊಳಗೆ ಪುಟ್ಟ ಅಕ್ಷರಗಳಲ್ಲಿ ಏನನ್ನೋ ಬರೆದರು.

ಸಂಜೆ ಮೂವರೂ ಊಟಕ್ಕೆ ಕೂತರು. ಸುಟ್ಟ ಮೀನು, ಮೂಲಂಗಿಯ ಸಾರು. ಚಿಗುಸಾ ಏನೂ ಕೇಳಲಿಲ್ಲ. ನೊಮಿನ್ ಏನೂ ಹೇಳಲಿಲ್ಲ. ಅಜ್ಜ ಮುಳ್ಳು ಬಿಡಿಸುತ್ತ ಒಮ್ಮೆ ಇವರನ್ನು, ಒಮ್ಮೆ ಅವರನ್ನು ನೋಡಿದರು, ಆಮೇಲೆ ಮೀನನ್ನು ನೋಡಿದರು. ನೊಮಿನ್ ಬಟ್ಟಲು ಮುಂದೆ ಚಾಚಿದಳು. ಚಿಗುಸಾ ಇನ್ನೊಂದು ಸೌಟು ಅನ್ನ ಬಡಿಸಿ, ಬಟ್ಟಲನ್ನು ಅವಳ ಕೈಗಿತ್ತು, ತಮ್ಮ ಊಟ ಮುಂದುವರಿಸಿದರು.